ಗಾರೆ ಬಲ್ಲವರು ಬೇಕಾಗಿದ್ದಾರೆ

ಮೊದಲ ಸಲ ನಾನು ಪತ್ರಿಕೆಗೆ ಕೊಟ್ಟ ಜಾಹೀರಾತು ಹೀಗಿತ್ತು: ‘ಹಳೆಯ ಎರಡಂತಸ್ತಿನ ವಾಣಿಜ್ಯ ಕಟ್ಟಡದ ರಿಪೇರಿಗೆ ಅನುಭವಿ ಕಂಟ್ರಾಕ್ಟರ್ ಬೇಕಾಗಿದ್ದಾರೆ. ಸಂತೇಪೇಟೆ, ಮೈಸೂರು.’ ಒಂದೇ ವಾರದಲ್ಲಿ ಒಂಬತ್ತು ಜನ ಬಂದರು. ಅವರಲ್ಲಿ ಏಳು ಜನ ಕಟ್ಟಡದೊಳಗೆ ಕಾಲಿಡಲೇ ಇಲ್ಲ. ರಸ್ತೆಯ ಆಚೆ ಬದಿ ನಿಂತು ತಲೆಯೆತ್ತಿ ನೋಡಿ, ‘ಕೆಡವಿಬಿಡಿ ಮೇಡಂ, ಮೂರು ಮಹಡಿ ಮೋಲ್ಡ್ ಹಾಕಿ ಕೊಡ್ತೀನಿ’ ಅಂದರು.

ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅವರು ಕಲಿತ ಕೆಲಸವೇ ಕಂಬ, ಬೀಮು, ಮೋಲ್ಡು. ಹೊಸ ಮನೆಗೆ ಎಷ್ಟು ಮೂಟೆ ಸಿಮೆಂಟು, ಎಷ್ಟು ಟನ್ ಕಬ್ಬಿಣ ಬೇಕೆಂದು ನಿಂತಲ್ಲೇ ಹೇಳಬಲ್ಲರು. ನೂರು ವರ್ಷದ ಗೋಡೆಯ ಮುಂದೆ ಆ ಲೆಕ್ಕ ನಡೆಯುವುದಿಲ್ಲ. ಎಂಟನೆಯವರು ಒಳಗೆ ಬಂದು, ಚದರಡಿಗೆ ಇಷ್ಟು ಅಂತ ರೇಟು ಹೇಳಿ, ‘ಹಳೇ ಪ್ಲಾಸ್ಟರ್ ಪೂರ್ತಿ ಕೆರೆದು ಸಿಮೆಂಟ್ ಮೆತ್ತಿ, ತಾರಸಿಗೆ ವಾಟರ್‌ಪ್ರೂಫ್ ಹೊಡೆದು ಕೊಡ್ತೀವಿ. ಹತ್ತು ವರ್ಷ ಗ್ಯಾರಂಟಿ’ ಅಂದರು. ಆಗ ನನಗೆ ಅದು ಸರಿಯಾದ ಮಾತಾಗಿಯೇ ಕಂಡಿತು. ಮುಂಗಡ ಕೊಡಲು ಬ್ಯಾಂಕಿನಿಂದ ದುಡ್ಡನ್ನೂ ತಂದಿಟ್ಟೆ. ಅದನ್ನು ಕೊಡದಂತೆ ತಡೆದವರು ಒಂಬತ್ತನೆಯವರು. ಆತ ಮೇಲೆ ಕೆಳಗೆ ಒಂದು ಗಂಟೆ ಓಡಾಡಿ, ಬೆವರು ಒರೆಸಿಕೊಂಡು, ‘ಅಕ್ಕ, ಈ ಕೆಲಸ ನನಗೆ ಬರಲ್ಲ. ಬರುತ್ತೆ ಅಂತ ಒಪ್ಪಿಕೊಂಡರೆ ನಿಮ್ಮ ಕಟ್ಟಡ ಹಾಳು ಮಾಡ್ತೀನಿ’ ಅಂದರು. ಹಾಗಂದವರು ಆತ ಒಬ್ಬರೇ. ಹೋಗುವಾಗ ಒಬ್ಬ ಹಳೆಯ ಮೇಸ್ತ್ರಿಯ ಫೋನ್ ನಂಬರು ಬರೆದುಕೊಟ್ಟು ಹೋದರು.

ನಮ್ಮ ಕಟ್ಟಡ ದೊಡ್ಡದೇನಲ್ಲ. ಕೆಳಗೆ ನಾಲ್ಕು ಮಳಿಗೆ, ಮೇಲೆ ಒಂದು ಹಜಾರ, ಮೂರು ಕೋಣೆ. ಮೂಲೆಯ ಮಳಿಗೆಯಲ್ಲಿ ತಾತ ಇಟ್ಟ ಗ್ರಂಧಿಗೆ ಅಂಗಡಿ ಈಗಲೂ ನಡೆಯುತ್ತಿದೆ, ನಾನೇ ಕೂರುತ್ತೇನೆ. ಪಕ್ಕದ್ದು ಬಳೆ ಅಂಗಡಿ, ಅದರಾಚೆ ಹಗ್ಗ–ಚಾಪೆ, ಕೊನೆಯದು ಪಾತ್ರೆ ವ್ಯಾಪಾರ. ಮುಂದೆ ಐದು ಕಮಾನು. ನೆತ್ತಿಯ ಪ್ಯಾರಾಪೆಟ್ ಗೋಡೆಯಲ್ಲಿ ಗಾರೆಯಲ್ಲೇ ತಿದ್ದಿದ ಬಳ್ಳಿ, ಎದುರುಬದುರು ಎರಡು ಗಿಳಿ, ಕೆಳಗೆ ಕನ್ನಡ ಅಂಕಿಯಲ್ಲಿ ೧೯೨೧. ಕೊನೆಯ ಒಂದು ಬಿದ್ದುಹೋಗಿ ಆರೇಳು ಮಳೆಗಾಲವಾಯಿತು. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೊಸ ಅರಮನೆಯ ಕೆಲಸ 1912ರವರೆಗೆ ನಡೆಯಿತಲ್ಲ, ಆಗ ಊರಿಗೆ ಬಂದ ಗಾರೆಯವರಲ್ಲಿ ಕೆಲವರು ಇಲ್ಲೇ ಉಳಿದು ಪೇಟೆಯ ಕಟ್ಟಡಗಳನ್ನು ಕಟ್ಟಿದರು ಅಂತ ತಾತ ಹೇಳುತ್ತಿದ್ದರು. ಕಾಗದ ಪತ್ರ ಏನೂ ಇಲ್ಲ. ಆ ಗಿಳಿಯ ಕೊಕ್ಕು ನೋಡಿದಾಗ ಮಾತ್ರ ತಾತನ ಮಾತನ್ನು ನಂಬಬೇಕು ಅನ್ನಿಸುತ್ತದೆ.

ಕೆಡವದೆ ಉಳಿಸಬೇಕು ಅಂತ ನಾನು ಹಟ ಹಿಡಿದದ್ದಕ್ಕೆ ಗಿಳಿಗಳಷ್ಟೇ ಕಾರಣವಲ್ಲ. ಕಾಲೇಜಿನ ದಿನಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಕೆಳಗಿನ ಅಂಗಡಿಗಳಲ್ಲಿ ಹಳೇ ಪುಸ್ತಕ ಕೊಳ್ಳದ ಮೈಸೂರಿನ ಹುಡುಗ ಹುಡುಗಿಯರೇ ಇರಲಿಲ್ಲ. 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಎದ್ದ ಕಟ್ಟಡ ಅದು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಸುದ್ದಿ ಬಂದಾಗ ನಾನು ಗಲ್ಲಾದ ಮುಂದೆ ಕೂತು ಹಿಪ್ಪಲಿ ತೂಗುತ್ತಿದ್ದೆ. ಎದ್ದು ಹೊರಗೆ ಬಂದು ನಮ್ಮ ಕಮಾನುಗಳನ್ನು ನೋಡಿದೆ. ಅವುಗಳ ಕೆಳಗೆ ಬಳೆ ಕೊಳ್ಳುವ ಹೆಂಗಸರು ನಿಂತಿದ್ದರು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ದ್ವಾರ ಬಿತ್ತು. ಅಲ್ಲಿ ಆಗ ದುರಸ್ತಿ ಕೆಲಸ ನಡೆಯುತ್ತಿತ್ತು. ಎರಡೂ ಬಿದ್ದದ್ದು ಮಳೆಗಾಲದಲ್ಲೇ. ಅವು ಯಾಕೆ ಬಿದ್ದವು ಎಂದು ತೀರ್ಪು ಹೇಳಲು ನಾನು ಇಂಜಿನಿಯರ್ ಅಲ್ಲ. ನನಗೆ ನಾಟಿದ್ದು ಇಷ್ಟು: ಹಳೇ ಕಟ್ಟಡವನ್ನು ಸುಮ್ಮನೆ ಬಿಟ್ಟರೂ ಅಪಾಯ, ಕೆಲಸ ನಡೆಯುತ್ತಿರುವಾಗಲೂ ಅಪಾಯ ತಪ್ಪಿದ್ದಲ್ಲ. ಹಾಗಾದರೆ ಅದರ ಮೇಲೆ ಕೈಯಿಡುವವರು ಯಾರು ಅನ್ನುವುದನ್ನು ಮಗಳಿಗೆ ಗಂಡು ನೋಡುವಷ್ಟು ನಿಧಾನವಾಗಿ ನೋಡಬೇಕು.

ಮೇಸ್ತ್ರಿ ಬಂದದ್ದು ತಿ. ನರಸೀಪುರದ ಕಡೆಯಿಂದ. ಎಪ್ಪತ್ತು ದಾಟಿದ ಜೀವ. ಚೀಲದಲ್ಲಿ ಒಂದು ಸಣ್ಣ ಸುತ್ತಿಗೆ, ಒಂದು ಬೈರಿಗೆ, ತೂಕದ ಗುಂಡು, ಒಂದು ತುಂಡು ಸೀಮೆಸುಣ್ಣ. ರೇಟಿನ ಮಾತು ಎತ್ತಲೇ ಇಲ್ಲ. ಗೋಡೆಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ಬೊಳ್ಳೆಂದಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಾ ಹೋದರು. ನಮ್ಮ ಅಂಗಡಿಯ ಹಿಂದಿನ ಗೋಡೆಗೆ ಬಂದಾಗ ನಿಂತರು. ಅಲ್ಲಿ ನೆಲದಿಂದ ನಾಲ್ಕಡಿ ಎತ್ತರಕ್ಕೆ ನಮ್ಮಪ್ಪ ಸಿಮೆಂಟು ಬಳಿಸಿದ್ದರು. ತೇವ ಹತ್ತಿ ಗಾರೆ ಉದುರುತ್ತಿದೆ ಅಂತ, ಪಾಪ, ಒಳ್ಳೆಯದಾಗಲಿ ಅಂತಲೇ ಮಾಡಿಸಿದ್ದು. ಸಿಮೆಂಟು ಇವತ್ತಿಗೂ ಕಲ್ಲಿನ ಹಾಗಿದೆ. ಅದರ ಮೇಲಿನ ಎರಡಡಿ ಮಾತ್ರ ಹಪ್ಪಳದ ಹಾಗೆ ಎದ್ದು, ಬಿಳಿ ಉಪ್ಪು ಹೊಡೆದು, ಬೆರಳಿಟ್ಟರೆ ಪುಡಿ ಉದುರುತ್ತದೆ.

ಮೇಸ್ತ್ರಿ ಅಂಗೈಯಗಲ ಸಿಮೆಂಟು ಕಿತ್ತು ತೋರಿಸಿದರು. ಒಳಗಿನ ಇಟ್ಟಿಗೆ ಒದ್ದೆಯಾಗಿ ಕೆಂಪು ಹಿಟ್ಟಾಗಿತ್ತು. ‘ನೋಡವ್ವಾ, ನೆಲದಿಂದ ನೀರು ಏರೋದು ತಪ್ಪಕ್ಕಿಲ್ಲ. ಏರಿದ್ದು ಆರಬೇಕು ತಾನೇ? ನೀವು ಬಾಗ್ಲು ಮುಚ್ಬುಟ್ಟಿದ್ದೀರಿ. ಅದು ಮ್ಯಾಲಿನ ಬಾಗ್ಲು ಹುಡುಕ್ಕಂಡು ಹೋಗ್ತದೆ’ ಅಂದರು.

ನಾನು ತಂದಿಟ್ಟ ದುಡ್ಡು ಪೂರ್ತಿ ಗೋಡೆಗೆ ಇದನ್ನೇ ಮಾಡಲು ಹೊರಟಿತ್ತು.

ಮೇಸ್ತ್ರಿಯ ಮಾತಿನ ಹಿಂದಿರುವ ವಿಜ್ಞಾನವನ್ನು ನಾನು ಆಮೇಲೆ ಕೂತು ತಿಳಿದುಕೊಂಡೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಕುದಿದು, ಅರಳುತ್ತದೆ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ವಾರಗಟ್ಟಲೆ ಬಿಟ್ಟರೆ ಬೆಣ್ಣೆಯ ಹಾಗೆ ಹದವಾಗುತ್ತದೆ. ಗೋಡೆಗೆ ಹತ್ತಿದ ಮೇಲೆ ಗಾಳಿಯಲ್ಲಿರುವ ಅದೇ ಇಂಗಾಲದ ಡೈಆಕ್ಸೈಡನ್ನು ತಿಂಗಳುಗಟ್ಟಲೆ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಆದರೆ ಸಣ್ಣ ಸಣ್ಣ ರಂಧ್ರಗಳಿರುವ ಕಲ್ಲು. ಗೋಡೆಯ ತೇವ ಅದರ ಮೂಲಕ ಹೊರಬಂದು ಆರಿಹೋಗುತ್ತದೆ. ಗೋಡೆ ಕೂದಲೆಳೆ ಅಲುಗಿದರೆ ಗಾರೆಯೂ ಅದರ ಜೊತೆ ಅಲುಗುತ್ತದೆ. ಸಿಮೆಂಟಿನ ಗುಣ ಬೇರೆ: ಗಟ್ಟಿ, ಬಿಗಿ, ನೀರನ್ನು ಸುಲಭವಾಗಿ ಬಿಡುವುದಿಲ್ಲ. ಹೊಸ ಕಟ್ಟಡಕ್ಕೆ ಅದೇ ಸರಿ. ಮೆತ್ತಗಿನ ಹಳೇ ಇಟ್ಟಿಗೆಯ ಮೇಲೆ ಕೂತರೆ ತೇವವೂ ಉಪ್ಪೂ ಅದರ ಹಿಂದೆ ಸೇರಿಕೊಳ್ಳುತ್ತವೆ. ಉಪ್ಪು ಹರಳುಗಟ್ಟುವಾಗ ಇಟ್ಟಿಗೆಯನ್ನು ಒಡೆಯುತ್ತದೆ. ಗಾರೆ ಉದುರಿದರೆ ಹೊಸ ಗಾರೆ ಮೆತ್ತಬಹುದು, ಇಟ್ಟಿಗೆಯೇ ಉದುರಿದರೆ ಗೋಡೆಯೇ ಹೋದಂತೆ. ಗಾರೆ ಇರುವುದೇ ಇಟ್ಟಿಗೆಯ ಬದಲು ತಾನು ಸವೆಯಲು.

ತಾರಸಿಯ ಕತೆ ಇನ್ನೂ ದೊಡ್ಡದು. ನಮ್ಮದು ಮದ್ರಾಸ್ ತಾರಸಿ. ಈ ಕಡೆಯ ಹಳೇ ಪೇಟೆ ಕಟ್ಟಡಗಳಲ್ಲಿ ಇದು ಇನ್ನೂ ಉಳಿದಿದೆ, ಆದರೆ ಮಾಡುವವರು ತೀರಾ ವಿರಳ. ತೇಗದ ತೊಲೆ, ಅದರ ಮೇಲೆ ಹತ್ತಿರ ಹತ್ತಿರ ಜಂತಿ. ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಗಾರೆಯಲ್ಲಿ ಒಂದಕ್ಕೊಂದು ಕಚ್ಚಿಸಿ ಜೋಡಿಸುತ್ತಾರೆ. ಅದರ ಮೇಲೆ ಸುಣ್ಣದಲ್ಲಿ ಕಲಸಿದ ಇಟ್ಟಿಗೆ ಚೂರು. ಅದನ್ನು ಹೆಂಗಸರು ಸಾಲಾಗಿ ಕೂತು ಮರದ ಪಟ್ಟಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುತ್ತಾ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಕೊನೆಗೆ ಚಪ್ಪಟೆ ಬಿಲ್ಲೆ. ಇಷ್ಟಾದ ಮೇಲೆ ಅದು ಅರ್ಧ ಶತಮಾನ ಸೋರದೆ ನಿಲ್ಲುತ್ತಿತ್ತು. ನಮ್ಮದೂ ನಿಂತಿತ್ತು.

ಆಮೇಲೆ ಒಂದು ಮೂಲೆ ಸೋರಿತು. ಸೋರಿದ ಜಾಗ ಹುಡುಕುವ ಬದಲು ಮೇಲೊಂದು ಪದರ ಸಿಮೆಂಟು ಹಾಕಿಸಿದರು. ಮತ್ತೆ ಸೋರಿದಾಗ ಇನ್ನೊಂದು. ನಾನು ಅಂಗಡಿಗೆ ಬಂದ ಹೊಸದರಲ್ಲಿ ಮೂರನೆಯದನ್ನು ನಾನೇ ಹಾಕಿಸಿದೆ. ಮೇಸ್ತ್ರಿ ಮೂಲೆಯಲ್ಲಿ ಒಂದಡಿ ಚೌಕ ಬಿಡಿಸಿದಾಗ, ಮೂಲದ ಬಿಲ್ಲೆಯ ಮೇಲೆ ಮೂರು ಪದರ ಕೂತಿರುವುದು ಕಂಡಿತು. ಅಷ್ಟೂ ಭಾರ ತೊಲೆಯ ಮೇಲೆ. ಸೋರಿಕೆಯ ಮೂಲ ಮಾತ್ರ ಬೇರೆ ಕಡೆ ಇತ್ತು. ಪ್ಯಾರಾಪೆಟ್ಟಿನ ಬುಡದಲ್ಲಿ ಅಶ್ವತ್ಥದ ಸಸಿಯೊಂದು ಬೇರು ಬಿಟ್ಟು, ನೀರು ಹೋಗುವ ಕಿಂಡಿಯನ್ನು ಮುಚ್ಚಿ, ಗೋಡೆಯನ್ನು ಬೆರಳಗಲ ಹೊರಕ್ಕೆ ದೂಡಿತ್ತು. ಅದನ್ನು ಹಿಡಿದು ಎಳೆಯಲು ಹೋದೆ. ಮೇಸ್ತ್ರಿ ನನ್ನ ಕೈ ತಡೆದರು. ಎಳೆದರೆ ಬೇರಿನ ಜೊತೆ ಇಟ್ಟಿಗೆಯೂ ಬರುತ್ತದಂತೆ. ಬುಡದಲ್ಲಿ ಕತ್ತರಿಸಿ, ಬೇರು ಸಾಯುವಂತೆ ಔಷಧಿ ಹಾಕಿ, ಒಣಗಿದ ಮೇಲೆ ಒಂದೊಂದಾಗಿ ಇಟ್ಟಿಗೆ ಬಿಡಿಸಿ ಮತ್ತೆ ಕಟ್ಟಬೇಕು.

ತೊಲೆಯನ್ನು ಅವರು ಪರೀಕ್ಷಿಸಿದ ರೀತಿಯನ್ನು ನಾನು ಮರೆಯಲಾರೆ. ಗೋಡೆಯೊಳಗೆ ಹೊಕ್ಕಿರುವ ತೊಲೆಯ ತುದಿಯ ಹತ್ತಿರ ಏಣಿ ಹಾಕಿ, ಕಿವಿ ಹತ್ತಿರ ಒಯ್ದು ತಟ್ಟಿದರು. ಆಮೇಲೆ ಸಣ್ಣ ಬೈರಿಗೆಯನ್ನು ನಿಧಾನವಾಗಿ ತಿರುಗಿಸುತ್ತಾ, ಹೊರಬಂದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಮೂಸಿ ನೋಡಿದರು. ಐದು ತೊಲೆಗಳಲ್ಲಿ ಒಣ ಪುಡಿ, ತೇಗದ ಎಣ್ಣೆಯ ವಾಸನೆ ನೂರು ವರ್ಷದ ಮೇಲೂ ಹಾಗೇ ಇತ್ತು. ಕಿಂಡಿಯ ಕೆಳಗಿನ ಆರನೆಯದರ ಪುಡಿ ಕಪ್ಪಗೆ, ಒದ್ದೆಯಾಗಿ, ಅಣಬೆಯ ವಾಸನೆ ಹೊಡೆಯುತ್ತಿತ್ತು. ‘ಇದೊಂದೇ ಕಣವ್ವ ಹೋಗಿರೋದು. ಅದೂ ತುದಿ ಮಾತ್ರ. ತುದಿ ಕೊಯ್ದು ಹೊಸ ತುಂಡು ಬೆಸುಗೆ ಹಾಕುದ್ರೆ ಆಯ್ತು’ ಅಂದರು. ಏಳು ಜನ ರಸ್ತೆಯಲ್ಲಿ ನಿಂತು ಕೆಡವಿ ಅಂದದ್ದು ಒಂದು ತೊಲೆಯ ತುದಿಗಾಗಿ!

ಮೇಸ್ತ್ರಿ ಒಬ್ಬರಿಂದಲೇ ಇಡೀ ಕೆಲಸ ಆಗದು. ಸಾರವೆ, ಆಳುಕಾಳು, ತೊಲೆಗೆ ಆನಿಸುವ ಆಸರೆ, ವಿಮೆ, ಬಿಲ್ಲು – ಇದಕ್ಕೆಲ್ಲ ಕಂಟ್ರಾಕ್ಟರೇ ಬೇಕು. ಹಾಗಾಗಿ ಜಾಹೀರಾತಿಗೆ ಮತ್ತೆ ಕೂರಬೇಕಾಯಿತು. ನಮ್ಮಲ್ಲಿ ಅಶ್ವಗಂಧ ಕೊಳ್ಳಲು ಬರುವ ನಿವೃತ್ತ ಇಂಜಿನಿಯರ್ ಒಬ್ಬರು ಈ ಸಲ ಜೊತೆಗೆ ಕೂತರು. ನಾಲ್ಕು ಭಾನುವಾರ ಹಿಡಿಯಿತು. ಹಳೇ ಕಟ್ಟಡ ಇಟ್ಟುಕೊಂಡು ಒದ್ದಾಡುತ್ತಿರುವವರು ಊರೂರಲ್ಲೂ ಇದ್ದೀರಿ ಅಂತ ಗೊತ್ತು, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚದರಡಿ ರೇಟಿಗೆ, ಇಡಿಗುತ್ತಿಗೆಗೆ ಕೊಡಬೇಡಿ ಅನ್ನುವುದು ಇಂಜಿನಿಯರ್ ಅವರ ಮೊದಲ ಮಾತು. ಹಳೇ ಗೋಡೆಯಲ್ಲಿ ಪ್ಲಾಸ್ಟರ್ ಬಿಚ್ಚುವವರೆಗೆ ಒಳಗೇನಿದೆ ಅಂತ ಯಾರಿಗೂ ಗೊತ್ತಾಗದು. ಗೊತ್ತಿಲ್ಲದ್ದಕ್ಕೆ ಒಂದೇ ಮೊತ್ತ ಒಪ್ಪಿಕೊಂಡ ಕಂಟ್ರಾಕ್ಟರ್ ಎಷ್ಟೇ ಪ್ರಾಮಾಣಿಕನಾದರೂ, ಕೆಟ್ಟ ಇಟ್ಟಿಗೆ ಹೆಚ್ಚು ಸಿಕ್ಕ ದಿನ ಅದನ್ನು ಮುಚ್ಚಿ ಮುಂದೆ ಹೋಗಬೇಕಾಗುತ್ತದೆ, ಇಲ್ಲವೇ ನಷ್ಟ ಅನುಭವಿಸಬೇಕಾಗುತ್ತದೆ. ಅದರ ಬದಲು ಕೆಲಸವನ್ನು ಬಿಡಿಬಿಡಿಯಾಗಿ ಬರೆಯಬೇಕು: ಉಪ್ಪು ಹೊಡೆದ ಇಟ್ಟಿಗೆ ಬದಲಿಸಲು ಒಂದಕ್ಕೆ ಇಷ್ಟು, ಗಾರೆ ಮೆತ್ತಲು ಒಂದು ಚದರ ಮೀಟರಿಗೆ ಇಷ್ಟು, ತೊಲೆಯ ತುದಿ ಕೂಡಿಸಲು ಇಷ್ಟು. ಆದಷ್ಟನ್ನು ಅಳೆದು ದುಡ್ಡು ಕೊಡಬೇಕು. ಅನಿರೀಕ್ಷಿತಕ್ಕೆಂದು ಒಂದು ಮೊತ್ತ ಬೇರೆಯಾಗಿ ತೆಗೆದಿಡಬೇಕು.

ಎರಡನೆಯದು ಎರಡು ಲಕೋಟೆ. ಸರ್ಕಾರಿ ಟೆಂಡರುಗಳಲ್ಲಿ ಇದು ಬಳಕೆಯಲ್ಲಿದೆ. ಮೊದಲ ಲಕೋಟೆಯಲ್ಲಿ ಅನುಭವ, ಮಾಡಿದ ಕೆಲಸ, ಯಾವ ಮೇಸ್ತ್ರಿ ಜೊತೆಗಿರುತ್ತಾರೆ ಅನ್ನುವ ವಿವರ. ಅದರಲ್ಲಿ ಪಾಸಾದವರ ರೇಟಿನ ಲಕೋಟೆಯನ್ನು ಮಾತ್ರ ತೆರೆಯುವುದು. ಖಾಸಗಿಯವರು ಇದನ್ನು ಮಾಡಬಾರದು ಅಂತೇನೂ ಇಲ್ಲ. ಸರ್ಕಾರಿ ಕಚೇರಿಗೆ ಇರುವ ಕಟ್ಟುಪಾಡುಗಳೂ ನಮಗಿಲ್ಲ. ಎಲ್ಲರಿಗಿಂತ ಕಡಿಮೆ ಬರೆದವರಿಗೆ ಕೊಡದೆ, ಯಾರ ಕೈ ಸರಿ ಅನ್ನಿಸುತ್ತದೋ ಅವರಿಗೆ ಕೊಡುವ ಸ್ವಾತಂತ್ರ್ಯ ನಮಗಿದೆ. ಆ ಸ್ವಾತಂತ್ರ್ಯವನ್ನು ನಾವೇ ‘ಕೊನೇ ರೇಟು ಎಷ್ಟು’ ಅಂತ ಕೇಳಿ ಕಳೆದುಕೊಳ್ಳುತ್ತೇವೆ.

ಮೂರನೆಯದನ್ನು ನಾನೇ ಸೇರಿಸಿದ್ದು. ಯಾರೇ ಬಂದರೂ ಹಿಂದಿನ ಗೋಡೆಯಲ್ಲಿ ಮೂರಡಿ ಚೌಕಕ್ಕೆ ಗಾರೆ ಮಾಡಿ ತೋರಿಸಬೇಕು, ಅದಕ್ಕೆ ಕೂಲಿ, ಸಾಮಾನು ನನ್ನದು. ಪುಕ್ಕಟೆ ಮಾಡಿಸಿಕೊಂಡರೆ ಕಾಟಾಚಾರದ ಕೆಲಸ ಆಗುತ್ತದೆ. ಮಾಡುವಾಗ ನಾನು ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತೇನೆ.

ಹೊಸ ಜಾಹೀರಾತು ನೋಡಿ ಬಂದವರಲ್ಲಿ ಮೂವರು ಇದಕ್ಕೆ ಒಪ್ಪಿದರು. ಮೊದಲನೆಯವರು ಸುಣ್ಣಕ್ಕೆ ಒಂದು ಬಾಂಡಲಿ ಸಿಮೆಂಟು ಸೇರಿಸಿದರು, ‘ಬೇಗ ಹಿಡ್ಕೊಳ್ಳುತ್ತೆ’ ಅಂತ. ಎರಡನೆಯವರ ಗಾರೆ ಮೂರನೇ ದಿನಕ್ಕೆ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು. ಮರಳು ತೊಳೆದಿರಲಿಲ್ಲ, ಗೋಡೆಯನ್ನೂ ನೆನೆಸಿರಲಿಲ್ಲ. ಮೂರನೆಯಾತ ಮೂವತ್ತರ ಆಸುಪಾಸಿನ ಹುಡುಗ. ಗಾರೆ ಮಾಡಿ ಗೊತ್ತಿಲ್ಲ ಅಂತ ಮೊದಲೇ ಹೇಳಿದ. ಒಂದು ಸೋಡಾ ಬಾಟಲಿಯಲ್ಲಿ ಮರಳು, ನೀರು ಹಾಕಿ ಕುಲುಕಿ ಕಿಟಕಿಯಲ್ಲಿಟ್ಟ. ತಳದಲ್ಲಿ ಮರಳು, ಮೇಲೆ ಎಷ್ಟು ದಪ್ಪಕ್ಕೆ ಕೆಸರು ಕೂತಿದೆ ಅಂತ ಮರುದಿನ ನೋಡಿ ಆ ಮರಳನ್ನು ವಾಪಸು ಕಳಿಸಿದ. ನಮ್ಮ ಮೇಸ್ತ್ರಿಯನ್ನು ‘ಅಜ್ಜ, ನೀವು ಹೇಳಿ, ನಾನು ಕಲಸ್ತೀನಿ’ ಅಂತ ಕರೆದುಕೊಂಡು ಬಂದ. ಒಂದು ಪಾಲು ಸುಣ್ಣ, ಎರಡು ಪಾಲು ಮರಳು, ಒಂದು ಪಾಲು ಇಟ್ಟಿಗೆ ಪುಡಿ – ಅಜ್ಜ ಸುರ್ಕಿ ಅನ್ನುತ್ತಾರೆ. ಸುರ್ಕಿ ಇದ್ದರೆ ಒದ್ದೆ ಜಾಗದಲ್ಲೂ ಗಾರೆ ಗಟ್ಟಿಯಾಗುತ್ತದೆ. ಗೋಡೆಗೆ ಹಿಂದಿನ ಸಂಜೆಯಿಂದ ನೀರು ಚಿಮುಕಿಸಿದರು. ಮೆತ್ತಿದ ಮೇಲೆ ಒದ್ದೆ ಗೋಣಿ ಕಟ್ಟಿ ಹತ್ತು ದಿನ ಆರಲು ಬಿಡಲಿಲ್ಲ. ತಿಂಗಳಾದ ಮೇಲೆ ಉಗುರಿನಿಂದ ಗೀರಿದೆ. ಗೆರೆ ಮೂಡಲಿಲ್ಲ.

ಕೆಲಸ ಆ ಹುಡುಗನಿಗೆ ಕೊಟ್ಟೆ. ಅವನ ರೇಟು ಮೂವರಲ್ಲಿ ನಡುವಿನದು.

ಹಳೇ ದೇಗುಲಗಳ ಜೀರ್ಣೋದ್ಧಾರಕ್ಕೆ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿನಂಥ ಸಂಸ್ಥೆ ನಮ್ಮಲ್ಲಿದೆ. 1984ರಲ್ಲಿ ಶುರುವಾದ ಇಂಟಾಕ್ ಪಾರಂಪರಿಕ ಕಟ್ಟಡಗಳ ವಿಚಾರದಲ್ಲಿ ದೇಶದುದ್ದಕ್ಕೂ ಕೆಲಸ ಮಾಡುತ್ತಿದೆ. ಪೇಟೆಯ ಅಂಗಡಿ ಸಾಲಿಗೆ ಮಾತ್ರ ಅಂಥ ಆಸರೆ ಸುಲಭಕ್ಕೆ ಸಿಗುವುದಿಲ್ಲ. ಅದು ದೇವರ ಮನೆಯಲ್ಲ, ರಾಜರ ಮನೆಯಲ್ಲ, ಬಾಡಿಗೆ ಬರುವ ಜಾಗ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯಲೇಬೇಕು. ಬಳೆ ಅಂಗಡಿಯ ಅಮ್ಮನಿಗೆ ಒಂದು ತಿಂಗಳು ವ್ಯಾಪಾರ ನಿಂತರೆ ಮಗನ ಫೀಸಿಗೆ ದಾರಿಯಿಲ್ಲ. ಅದಕ್ಕೇ ಕರಾರಿನಲ್ಲಿ ನಾಲ್ಕು ಪುಟ ಬಾಡಿಗೆದಾರರ ವಿಚಾರವೇ ಇದೆ. ಒಂದು ಸಲಕ್ಕೆ ಒಂದೇ ಮಳಿಗೆ ಖಾಲಿ ಮಾಡಿಸುವುದು, ಆ ಮಳಿಗೆಯವರು ಅಷ್ಟು ದಿನ ನಮ್ಮ ಅಂಗಡಿಯ ಅರ್ಧದಲ್ಲಿ ಕೂರುವುದು, ಸಾರವೆಯ ಕೆಳಗೆ ಜನ ಓಡಾಡಲು ಹಲಗೆಯ ಮಾಡು ಕಟ್ಟುವುದು, ತೊಲೆ ಬಿಚ್ಚುವ ದಿನ ಕೆಳಗೆ ಯಾರೂ ಇರಕೂಡದು. ಇಂಜಿನಿಯರ್ ‘ಇವರ ಬಾಡಿಗೆ ಜಗಳವೆಲ್ಲ ಟೆಂಡರಿನಲ್ಲಿ ಯಾಕೆ?’ ಅಂದರು. ಬಳೆ ಅಂಗಡಿ, ಪಾತ್ರೆ ಅಂಗಡಿ ಇಲ್ಲದೆ ಬರೀ ಕಮಾನು ಉಳಿಸಿ ನಾನೇನು ಮಾಡಲಿ?

ಸಾರವೆ ಕಟ್ಟುವುದು ದಸರಾ ಮುಗಿದ ಮೇಲೆ. ಅಷ್ಟರೊಳಗೆ ಮಳೆಯೂ ತಗ್ಗುತ್ತದೆ, ಹಬ್ಬದ ವ್ಯಾಪಾರವೂ ಆಗಿರುತ್ತದೆ. ಆರನೇ ತೊಲೆಗೆ ಸದ್ಯಕ್ಕೆ ಕಬ್ಬಿಣದ ಆಸರೆ ಕೊಟ್ಟಿದ್ದಾರೆ. ಹಿತ್ತಲಿನ ಗುಂಡಿಯಲ್ಲಿ ಸುಣ್ಣ ಹದವಾಗುತ್ತಿದೆ. ನೀರು ಆರದಂತೆ ದಿನಾ ಬೆಳಿಗ್ಗೆ ನಾನೇ ಎರಡು ಬಿಂದಿಗೆ ಹಾಕುತ್ತೇನೆ. ಉದುರಿದ ಅಂಕಿಯ ಅಚ್ಚು ತೆಗೆಯಲು ಹುಡುಗ ಉಳಿದ ಒಂದರ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿಕೊಂಡು ಹೋಗಿದ್ದಾನೆ.

ಮೊನ್ನೆ ಮೇಸ್ತ್ರಿ ಬಂದು, ತಾರಸಿಗೆ ಎಷ್ಟು ಅಳಲೆಕಾಯಿ ಬೇಕಾಗುತ್ತೆ ಅಂತ ಲೆಕ್ಕ ಹಾಕಿ, ‘ಎಲ್ಲಿ ಸಿಗ್ತದವ್ವ ಇವಾಗ ಒಳ್ಳೇದು?’ ಅಂತ ಕೇಳಿದರು. ನಾನು ತಾತನ ಕಾಲದ ಮರದ ಡಬ್ಬಿಗಳ ಸಾಲಿನಲ್ಲಿ ಎಡಗಡೆಯಿಂದ ಐದನೆಯದನ್ನು ಎಳೆದು ಅವರ ಮುಂದಿಟ್ಟೆ. ಒಂದನ್ನು ಎತ್ತಿ, ಕಿವಿಯ ಹತ್ತಿರ ಅಲುಗಿಸಿ ಬೀಜದ ಸದ್ದು ಕೇಳಿ, ‘ಇದೇ ಆಗ್ಲಿ’ ಅಂತ ಚೀಲ ಬಿಚ್ಚಿದರು.